ನಾಳೆ ಇವಕ್ಕೆ ಊಟ ಹಾಕುವವರು

ಗುಲಾಬಿ ದ್ರವ ಇನ್ನೂ ಗುಲಾಬಿಯಾಗಿಯೇ ಇದೆ, ಇವು ಹಸಿದಿಲ್ಲ, ಹಸಿದಿದ್ದರೆ ಅದು ಹಳದಿಗೆ ತಿರುಗುತ್ತಿತ್ತು, ಚಪ್ಪಟೆ ಸೀಸೆಯ ತಳಕ್ಕೆ ಅಂಟಿಕೊಂಡು ಮಲಗಿವೆ ನನ್ನ ಜೀವಕೋಶಗಳು — ನನ್ನವು ಅನ್ನಬಾರದು, ಪ್ರಯೋಗಾಲಯಕ್ಕೆ ಸೇರಿದ ದಿನವೇ ಮೇಡಂ ಹೇಳಿದ್ದರು, ಸಾಕಬೇಕು, ಮುದ್ದು ಮಾಡಬಾರದು, ಪ್ರಯೋಗ ಮುಗಿದ ದಿನ ಬ್ಲೀಚ್ ಸುರಿಯೋದೂ ಇದೇ ಕೈ ಅಲ್ವಾ. ಹೌದು, ಇದೇ ಕೈ, ಪ್ರತಿ ಸಲ ಸುರಿಯುವಾಗ ಮುಖ ಆಚೆ ತಿರುಗಿಸುತ್ತೇನೆ, ಪಕ್ಕದ ಮೇಜಿನ ಗೆಳತಿ ನಗುತ್ತಾಳೆ, ಮೌನಗೌರಿ, ಇವಕ್ಕೂ ಅಳ್ತೀಯೇನೇ. ಗಾಜಿನ ಗೂಡಿನೊಳಗೆ ಕೈ, ಹೊರಗೆ ಮುಖ, ಇಲ್ಲಿ ಮಾತಾಡುವಂತಿಲ್ಲ, ಉಸಿರು ತಾಕಿದರೂ ಬೂಷ್ಟು ಹಿಡಿದೀತು, ನಾಲ್ಕು ಮಾತಾಡಲೂ ಹಿಂಜರಿಯುವ ನನಗೆ ಹೇಳಿ ಮಾಡಿಸಿದ ಜಾಗ, ಆದರೆ ಇವತ್ತು ಮಾತಾಡಲೇಬೇಕು, ಕೆಳಗಿನ ಮಹಡಿಯವರಿಗೆ ಸಂಜೆಯೊಳಗೆ ಉತ್ತರ ಬೇಕು, ಕೆಲಸಕ್ಕೆ ಬರುತ್ತೀಯೋ ಇಲ್ಲವೋ. ಅಲ್ಲಿ ಕೋಶಗಳ ಚಿತ್ರ ನೋಡಿ ಸೊರಗಿದ್ದು ಯಾವುದು, ಗೆಲುವಾಗಿರುವುದು ಯಾವುದು ಎಂದು ಕಂಪ್ಯೂಟರಿಗೆ ಕಲಿಸುತ್ತಾರೆ, ಅಲ್ಲಿ ಬರೀ ನೋಡುವುದು, ಯಾರೂ ಯಾವುದಕ್ಕೂ ಬ್ಲೀಚ್ ಸುರಿಯುವುದಿಲ್ಲ. ಸಂದರ್ಶನದ ದಿನ ಪ್ರೋಗ್ರಾಂ ಬರೆದು ತೋರಿಸು ಎಂದು ಕಂಪ್ಯೂಟರಿನ ಮುಂದೆ ಕೂರಿಸಿದರೆ ನಾನು ಎರಡೂ ಅಂಗೈ ಚಾಚಿ ಸುಮ್ಮನೆ ಕೂತೆ, ಇಲ್ಲಿ ಈ ಗೂಡಿನಲ್ಲಿ ಏನನ್ನು ಮುಟ್ಟುವ ಮೊದಲೂ ಯಾರಾದರೂ ಅಂಗೈಗೆ ಸ್ಪಿರಿಟ್ ಸಿಂಪಡಿಸಬೇಕಲ್ಲ, ಕೈಗೆ ಅದೇ ರೂಢಿ, ಅಲ್ಲಿನ ಹಿರಿಯರು ಕನ್ನಡಕದ ಮೇಲಿಂದ ನೋಡಿ, ಯಾಕಮ್ಮ, ಏಟು ತಿನ್ನೋಕೆ ಕೈ ಚಾಚಿದ್ದೀಯಾ, ಇದು ಸ್ಕೂಲಲ್ಲ. ಭೂಮಿ ಬಾಯಿ ಬಿಡಬಾರದೇ ಅನಿಸಿತು, ಆದರೂ ಮನೆಯಲ್ಲಿ ಕೂತು ಕಲಿತಷ್ಟನ್ನು ಬರೆದೆ, ಬರೆಯುತ್ತ ಬರೆಯುತ್ತ ನಾಚಿಕೆ ಮರೆತೇಹೋಯಿತು, ಹಾಗೆ ಮರೆತದ್ದು ಯಾವ ಕಾಲದಲ್ಲೋ. ಅಮ್ಮನಿಗೆ ಹೇಳಿದೆ, ಇಷ್ಟು ಓದಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲೇ, ಮತ್ತೆ ಅ ಆ ಇ ಈ ತಿದ್ತೀಯಾ ಅಂದಳು, ಆಮೇಲೆ ನನ್ನ ಬಟ್ಟೆ ಮಡಿಸುತ್ತ ಮಡಿಸುತ್ತ, ಹೋಗ್ಲಿ ಬಿಡು, ಮುಖ ಗೆಲುವಾಗಿದೆ. ಅಮ್ಮನದು ಮುಗಿಯಿತು, ಮೇಡಂದು ಉಳಿದಿದೆ, ಅವರು ಬೇಡ ಅಂದರೆ ನಾನು ಹೋಗಲಾರೆ, ನನ್ನ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು ಪಿಪೆಟ್ ಹಿಡಿಯಲು ಕಲಿಸಿದವರು, ಮೆತ್ತಗೆ, ಮೆತ್ತಗೆ, ಮಗು ಬಾಯಿಗೆ ಹನಿ ಬಿಟ್ಟ ಹಾಗೆ — ಬಂದರು, ಚಪ್ಪಲಿಯ ಸದ್ದು, ಬೆನ್ನ ಹಿಂದೆ ನಿಂತರು. ಸೀಸೆಯ ಮುಚ್ಚಳ ತಿರುಗಿಸಿದೆ, ಕೈ ಹೊರಗೆಳೆದುಕೊಂಡೆ, ಅಂದುಬಿಟ್ಟೆ, ನಾನು ಕೆಳಗಡೆ ಹೋಗ್ಬೇಕು ಅಂದ್ಕೊಂಡಿದ್ದೀನಿ ಮೇಡಂ, ಕೆಲಸಕ್ಕೆ. ನನ್ನ ದನಿಯೇ ಅದು. ಮೇಡಂ ಸೀಸೆ ಎತ್ತಿಕೊಂಡು ಸೂಕ್ಷ್ಮದರ್ಶಕದ ಮೇಲಿಟ್ಟರು, ಬಾಗಿದರು, ಬಾಗಿಯೇ ಇದ್ದರು, ಅಷ್ಟು ಹೊತ್ತು ನೋಡುವಂಥದ್ದು ಅಲ್ಲೇನೂ ಇರಲಿಲ್ಲ, ಚೆನ್ನಾಗಿ ಸಾಕಿದ್ದೀಯ ಅಂದರು, ತಲೆ ಎತ್ತದೆಯೇ, ಹೋಗು, ನಾಳೆ ಇವಕ್ಕೆ ಊಟ ಯಾರು ಹಾಕ್ತಾರೆ, ಮತ್ತೆ ಉತ್ತರಕ್ಕೂ ಕಾಯದೆ, ನಾನೇ ಹಾಕ್ತೀನಿ ಬಿಡು. ಚಪ್ಪಲಿಯ ಸದ್ದು ದೂರವಾಯಿತು. ಹೋಗಬಹುದು, ಹೋಗುತ್ತೇನೆ, ಒಂದು ಸಲ ಇವುಗಳನ್ನು ನೋಡಿ ಹೋಗುತ್ತೇನೆ ಎಂದು ಬಾಗಿದರೆ ಎಲ್ಲ ಮಸುಕು, ತಿರುಪು ತಿರುಗಿಸಿದೆ, ಮಸುಕೇ, ಇನ್ನಷ್ಟು ತಿರುಗಿಸಿದೆ, ಕೋಶಗಳಿಗೆ ಏನಾಯಿತು — ಕೋಶಗಳಿಗಲ್ಲ, ಗಾಜಿಗೆ, ಮೇಡಂ ಕಣ್ಣಿಟ್ಟಿದ್ದ ಗಾಜು ಒದ್ದೆಯಾಗಿದೆ, ಒರೆಸುವ ಕಾಗದ ಪಕ್ಕದಲ್ಲೇ ಇದೆ, ಒರೆಸಬೇಕು, ಉಪ್ಪುನೀರು ಗಾಜಿಗೆ ಒಳ್ಳೆಯದಲ್ಲ, ಒರೆಸಬೇಕು, ಆ ಒದ್ದೆ ಗಾಜು, ಅದರಲ್ಲಿ ಒಡೆದು ನಿಂತ ಬೆಳಕು, ಒದ್ದೆ ಗಾಜು