ದೀಪ ಹಾಕಿದರೆ ಪೆಡಲು ಬಿಗಿ

ಗಾಡಿಗಳ ವೈರಿಂಗ್ ಕೆಲಸಕ್ಕೆ ಆ ಬೀದಿಯಲ್ಲಿ ಇದ್ದವಳು ಒಬ್ಬಳೇ, ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕಿಡಿ ಅಂತ. ಕೆಲಸದಿಂದ ಬಂದ ಹೆಸರೋ ಬಾಯಿಂದ ಬಂದ ಹೆಸರೋ ಈಗ ಯಾರಿಗೂ ನೆನಪಿಲ್ಲ. ಎರಡಕ್ಕೂ ಒಪ್ಪುತ್ತದೆ, ಬಿಡಿ. ‘ಸಿಗದ ಫಾಲ್ಟ್ ಅಂತ ಯಾವುದೂ ಇಲ್ಲ, ಹುಡುಕೋಕೆ ಸೋಮಾರಿತನ ಇರುತ್ತೆ ಅಷ್ಟೇ’ ಎಂದು ಗಿರಾಕಿಗಳ ಮುಖಕ್ಕೇ ಹೇಳುವವಳು. ಹೇಳಿದಂತೆ ಹುಡುಕಿಯೂ ಕೊಡುತ್ತಿದ್ದಳಾದ್ದರಿಂದ ಅವಳ ಜಂಬವನ್ನು ಜನ ಸಹಿಸಿಕೊಂಡಿದ್ದರು.

ಅವಳ ಶೆಡ್ಡಿಗೆ ಒಂದು ಮಧ್ಯಾಹ್ನ ದೊಡ್ಡಪ್ಪನ ಹಳೇ ಪಿಕಪ್ ಬಂತು. ಬಂದದ್ದೇನೂ ದೊಡ್ಡ ಸಂಗತಿಯಲ್ಲ; ಆ ಗಾಡಿಯ ಒಂದೊಂದು ವೈರೂ ಅವಳ ಕೈ ಗುರುತು ಹಿಡಿಯುತ್ತದೆ. ಆದರೆ ಸ್ಟೀರಿಂಗ್ ಹಿಂದೆ ದೊಡ್ಡಪ್ಪ ಇರಲಿಲ್ಲ. ಅವರ ಮಗ, ಬೇಕರಿ ನಡೆಸುವ ಅಣ್ಣ, ಗಾಡಿ ಓಡಿಸಿಕೊಂಡು ಬಂದಿದ್ದ. ದೊಡ್ಡಪ್ಪ ಪಕ್ಕದ ಸೀಟಿನಲ್ಲಿ, ಮಂಡಿಯ ಮೇಲೆ ಕೈಯಿಟ್ಟುಕೊಂಡು, ಟಿಕೆಟ್ ತೆಗೆದುಕೊಂಡ ಪ್ರಯಾಣಿಕನ ಹಾಗೆ ಕೂತಿದ್ದರು.

“ಕೊನೇ ಸಲ ನೋಡಿಬಿಡು,” ಅಣ್ಣ ಇಳಿಯುತ್ತಲೇ ಹೇಳಿದ. “ನಾಳೆಯಿಂದ ಬ್ರೆಡ್ ಹಂಚೋಕೆ ಬೇರೆ ಡ್ರೈವರ್ ಬರ್ತಾನೆ. ಗಾಡಿ ಸರಿಯಾಗಿದೆ ಅಂತ ನೀನು ಹೇಳಿದ್ರೆ ಸಾಕು, ಕೀ ಅವನ ಕೈಗೆ ಕೊಟ್ಬಿಡ್ತೀನಿ.”

ವಿಷಯ ಇಷ್ಟು. ದೊಡ್ಡಪ್ಪ ಬೆಳಕು ಹರಿಯುವ ಮೊದಲೇ ಬ್ರೆಡ್ಡಿನ ಟ್ರೇಗಳನ್ನು ತುಂಬಿಕೊಂಡು ಗುಡ್ಡದಾಚೆಯ ಅಂಗಡಿಗಳಿಗೆ ಹೋಗಿಬರುವವರು. ಈಚೆಗೆ ಅವರದೊಂದೇ ದೂರು: ಏರಿನಲ್ಲಿ ಹೆಡ್‌ಲೈಟು ಮಂಕಾಗುತ್ತದೆ. ಕಿಡಿ ಬಲ್ಬು ಬದಲಾಯಿಸಿದಳು. ಆಮೇಲೆ ಸ್ವಿಚ್ಚು ಬದಲಾಯಿಸಿದಳು, ಅದರ ಮೇಲೆ ರಿಲೇಯನ್ನೂ ಬದಲಾಯಿಸಿದಳು. ಆದರೂ ದೊಡ್ಡಪ್ಪನದು ಅದೇ ರಾಗ. ಅಣ್ಣ ತಾನೇ ಗಾಡಿ ತೆಗೆದುಕೊಂಡು ಬೇಕರಿಯ ಸುತ್ತ ಎರಡು ಸುತ್ತು ಹೊಡೆದು ಬಂದ. ದೀಪ ಜಗಜಗ ಅನ್ನುತ್ತಿತ್ತು. ಗಾಡಿಯಲ್ಲಿ ತಪ್ಪಿಲ್ಲ ಅಂದಮೇಲೆ ಉಳಿದದ್ದೇನು? ದೊಡ್ಡಪ್ಪನ ಕಣ್ಣು.

ಮನೆಯಲ್ಲಿ ಪರೀಕ್ಷೆಯೂ ನಡೆಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಎದುರು ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳನ್ನು ದೊಡ್ಡಪ್ಪ ಗಡಗಡ ಓದಿದರು. “ದಿನಾ ನೋಡಿ ನೋಡಿ ಬಾಯಿಪಾಠ ಆಗಿದೆ,” ಅಂದುಬಿಟ್ಟ ಅಣ್ಣ. ಕಣ್ಣಿನ ಡಾಕ್ಟರು ‘ವಯಸ್ಸಿಗೆ ತಕ್ಕ ಹಾಗಿದೆ’ ಅಂದರು. ಸರಿಹೋಯ್ತು! ತಕ್ಕ ಹಾಗಿದೆ ಅಂತ ದೊಡ್ಡಪ್ಪ ಹಿಡಿದುಕೊಂಡರು, ವಯಸ್ಸಾಗಿದೆ ಅಂತ ಅಣ್ಣ ಹಿಡಿದುಕೊಂಡ.

ಇದರ ನಡುವೆ ದೊಡ್ಡಪ್ಪ ಇನ್ನೊಂದು ಮಾತು ಹೇಳಿ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡಿದ್ದರು. ದೀಪ ಹಾಕಿದರೆ ಆಕ್ಸಿಲರೇಟರ್ ಪೆಡಲು ಬಿಗಿಯಾಗುತ್ತದಂತೆ! ಎಲ್ಲಿಯ ದೀಪ, ಎಲ್ಲಿಯ ಪೆಡಲು? ಎಲ್ಲರಿಗಿಂತ ಜೋರಾಗಿ ನಕ್ಕವಳು ಕಿಡಿಯೇ. “ಹಾರ್ನ್ ಹೊಡೆದ್ರೆ ಟೈರ್ ಪಂಕ್ಚರ್ ಆಗುತ್ತಾ ದೊಡ್ಡಪ್ಪ?” ಎಂದು ಕೇಳಿದ್ದಳು. ಅವತ್ತಿನಿಂದ ಅವರು ಪೆಡಲಿನ ಸುದ್ದಿ ಎತ್ತಿರಲಿಲ್ಲ.

ಈಗ ಅವರು ನಿಧಾನವಾಗಿ ಇಳಿದು ಸ್ಟೂಲಿನ ಮೇಲೆ ಕೂತರು.

“ಮತ್ತೆ ಬಿಚ್ಚೋಕೆ ಹೋಗ್ಬೇಡಮ್ಮ,” ಅಂದರು. “ನನ್ನ ಕಣ್ಣೇ ಇರ್ಬೇಕು.”

‘ಇರ್ಬೇಕು’ ಅನ್ನುವ ಮಾತನ್ನು ದೊಡ್ಡಪ್ಪನ ಬಾಯಲ್ಲಿ ಕಿಡಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ‘ಕಣ್ಣಿದೆ, ಕೈಯಿದೆ, ಇನ್ನೇನು ಬೇಕು ನಿಂಗೆ’ ಎಂದು ಇದೇ ಗಾಡಿಯಲ್ಲಿ ಅವಳಿಗೆ ಡ್ರೈವಿಂಗ್ ಕಲಿಸಿದವರು ಅವರು. ಆ ಮನುಷ್ಯ ತನ್ನ ಕಣ್ಣನ್ನು ತಾನೇ ನಂಬದ ಹಾಗಾಗಿದ್ದಾರೆ. ಅವಳಿಗೆ ದುಃಖವಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

“ಕಣ್ಣಿನ ವಿಷಯ ಆಮೇಲೆ,” ಅಂದಳು. “ನನ್ನ ಶೆಡ್ಡಲ್ಲಿ ಮೊದಲು ಗಾಡಿ ಬಾಯಿಬಿಡ್ಬೇಕು.”

ಬಾಗಿಲು ಎಳೆದು ಶೆಡ್ಡನ್ನು ಕತ್ತಲು ಮಾಡಿದಳು. ಇಂಜಿನ್ ಚಾಲೂ ಮಾಡಿ ಹೆಡ್‌ಲೈಟ್ ಹಾಕಿದಾಗ ಎದುರು ಗೋಡೆಯ ಮೇಲೆ ಬೆಳಕು ಬೆಳ್ಳಗೆ ಬಿತ್ತು. ಬಲ್ಬಿನ ಹಿಂದೆ ಮೀಟರ್ ಹಿಡಿದರೆ ಕರೆಂಟು ಚೆನ್ನಾಗಿಯೇ ಬರುತ್ತಿತ್ತು. ಫ್ಯೂಸು, ಕನೆಕ್ಟರು ಎಲ್ಲ ನೋಡಿದಳು. ಒಂದರಲ್ಲಾದರೂ ಕೊಂಕು ಇದ್ದರೆ ಕೇಳಿ.

ಅಣ್ಣ ಆಗಲೇ ಕೀಯನ್ನು ಬೆರಳಿಗೆ ಸಿಕ್ಕಿಸಿಕೊಳ್ಳಲು ಕಾಯುತ್ತಿದ್ದ. ಕೆಟ್ಟವನಲ್ಲ ಪಾಪ. ಕತ್ತಲಲ್ಲಿ ಅಪ್ಪ ಎಲ್ಲಾದರೂ ಗುದ್ದಿಕೊಂಡರೆ ಅಂತ ಅವನಿಗೆ ಸರಿಯಾಗಿ ನಿದ್ದೆಯಿರಲಿಲ್ಲ. ಭಯಪಟ್ಟವರ ಮಾತು ಹಾಗೇ ಒರಟಾಗುತ್ತದೆ.

“ನೋಡಿದ್ಯಲ್ಲ? ಇನ್ನೂ ಎಷ್ಟು ಅಂತ ಹುಡುಕ್ತೀಯ? ಅಪ್ಪ ಹೇಳೋದ್ರಲ್ಲಿ ಅರ್ಥ ಇಲ್ಲ ಕಣೆ.”

ಕಿಡಿಯ ಕೈ ಅಲ್ಲೇ ನಿಂತಿತು.

“ಏನಂದೆ?”

“ಅರ್ಥ ಇಲ್ಲ ಅಂದೆ.”

ಅರ್ಥ! ಬ್ಯಾಟರಿಯಿಂದ ಬಲ್ಬಿಗೆ ಕರೆಂಟು ಹೋಗುವುದಕ್ಕೆ ವೈರು ಇರುತ್ತದೆ. ಬಲ್ಬಿನಿಂದ ಬ್ಯಾಟರಿಗೆ ವಾಪಸು ಬರುವುದಕ್ಕೆ ಗಾಡಿಯ ತಗಡಿನ ಮೈಯೇ ದಾರಿ. ಆ ವಾಪಸು ದಾರಿಗೆ ಶೆಡ್ಡುಗಳಲ್ಲಿ ಇಂಗ್ಲಿಷಿನ ‘ಅರ್ತ್’ನಿಂದ ಬಂದ ಹೆಸರೊಂದಿದೆ, ಎಲ್ಲರ ನಾಲಿಗೆಯಲ್ಲೂ ಹೊರಳಿ ಅದು ‘ಅರ್ಥ’ವೇ ಆಗಿಹೋಗಿದೆ. ಬಾಡಿ ಅರ್ಥ, ಇಂಜಿನ್ ಅರ್ಥ, ಅರ್ಥ ಕಟ್ಟಾಗಿದೆ, ಅರ್ಥ ಇಲ್ಲ. ದಿನಕ್ಕೆ ನೂರು ಸಲ ಅನ್ನುವ ಮಾತು. ಕರೆಂಟು ಹೋಗುವ ದಾರಿಯನ್ನೇ ಮೂರು ಸಲ ಬಿಚ್ಚಿ ಕಟ್ಟಿದವಳು, ಬರುವ ದಾರಿಯ ಕಡೆ ತಿರುಗಿಯೂ ನೋಡಿರಲಿಲ್ಲ.

“ಅಯ್ಯೋ ನನ್ನ ಬುದ್ಧಿಗಿಷ್ಟು!” ಎಂದು ಹಣೆ ಚಚ್ಚಿಕೊಂಡು ಅವಳು ದೊಡ್ಡಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತಳು. “ದೊಡ್ಡಪ್ಪ, ಆ ಪೆಡಲು. ಯಾವಾಗ ಬಿಗಿಯಾಗುತ್ತೆ ಹೇಳಿ. ಈ ಸಲ ನಗಲ್ಲ.”

ದೊಡ್ಡಪ್ಪ ಮಗನ ಮುಖ ನೋಡಿ, ಆಮೇಲೆ ಬಾಯಿಬಿಟ್ಟರು. “ಏರು ಹತ್ತುವಾಗ, ಲೋಡ್ ಇದ್ದಾಗ. ದೀಪ ಮಂಕಾಗುತ್ತೆ, ಸ್ವಲ್ಪ ಹೊತ್ತಿಗೆ ಪೆಡಲು ಹಿಡ್ಕೊಳ್ಳುತ್ತೆ. ಬೆಳಕು ಹರಿದ ಮೇಲೆ ದೀಪ ಆರಿಸಿ ಅದೇ ಏರು ಹತ್ತಿದ್ರೆ ಏನೂ ಇಲ್ಲ.”

“ಸಾಕು. ಹತ್ತಿ ಗಾಡಿ.”

“ಅಪ್ಪ ಯಾಕೆ? ನಾನು ಕೂರ್ತೀನಿ,” ಅಣ್ಣ ಮುಂದೆ ಬಂದ.

“ನೀನು ಖಾಲಿ ಗಾಡೀಲಿ ಬೇಕರಿಗೆ ಪ್ರದಕ್ಷಿಣೆ ಹಾಕಿದೋನು. ಸುಮ್ನೆ ಗೋಡೆ ನೋಡ್ತಾ ನಿಂತ್ಕೋ.”

ಅವಳು ಚಕ್ರಗಳಿಗೆ ಕಲ್ಲು ಕೊಟ್ಟಳು. ದೊಡ್ಡಪ್ಪ ಹ್ಯಾಂಡ್‌ಬ್ರೇಕ್ ಎಳೆದರು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಹೆಡ್‌ಲೈಟಿನ ಪಕ್ಕದ ತಗಡಿಗೆ. ಅರ್ಥ ಸರಿಯಿದ್ದರೆ ಮುಳ್ಳು ಸೊನ್ನೆಯ ಹತ್ತಿರವೇ ಮಲಗಿರಬೇಕು. ಮಲಗಿತ್ತು.

“ಸೆಕೆಂಡ್ ಗೇರ್ ಹಾಕಿ. ಕ್ಲಚ್ ಸ್ವಲ್ಪವೇ ಬಿಡಿ, ಏರು ಹತ್ತಿದ ಹಾಗೆ.”

ಮುಂದೆ ಹೋಗಲಾರದ ಗಾಡಿ ಗುರುಗುಟ್ಟಿತು. ಇಂಜಿನ್ ಒಂದು ಪಕ್ಕಕ್ಕೆ ವಾಲಿತು. ಮುಳ್ಳು ಚಂಗನೆ ಎದ್ದು ನಾಲ್ಕು ವೋಲ್ಟ್ ದಾಟಿತು. ಅಷ್ಟರಲ್ಲಿ ಗೋಡೆಯ ಕಡೆಯಿಂದ ಅಣ್ಣನ ದನಿ ಬಂತು.

“ಏ... ಏ! ಮಂಕಾಯ್ತು!”

ಬಿಳಿ ಬೆಳಕು ಹಳದಿಗೆ ತಿರುಗಿ, ಗೋಡೆಯ ಬಿರುಕೂ ಕಾಣದಷ್ಟು ಕುಗ್ಗಿತ್ತು. ಕ್ಲಚ್ ಕಮಟು ವಾಸನೆ ಹೊಡೆಯಿತು. ಹೊಡೆಯಲಿ.

“ಹಾಗೇ ಹಿಡಿದಿರಿ ದೊಡ್ಡಪ್ಪ. ಅಣ್ಣ, ಬಾ ಇಲ್ಲಿ. ಈ ಆಕ್ಸಿಲರೇಟರ್ ಕೇಬಲ್ ಮುಟ್ಟು.”

ಮುಟ್ಟಿದವನು “ಅಬ್ಬಾ!” ಎಂದು ಬೆರಳನ್ನು ಬಾಯಿಗೆ ಇಟ್ಟುಕೊಂಡ. ಅಷ್ಟು ಸುಡುತ್ತಿತ್ತು.

ಇಂಜಿನ್ ಆರಿಸಿದ ಮೇಲೆ ಅವಳು ಗಾಡಿಯ ಕೆಳಗೆ ನುಸುಳಿ ಟಾರ್ಚ್ ಹಿಡಿದಳು. ಬ್ಯಾಟರಿಯ ಮೈನಸ್ಸು ಇಂಜಿನ್ನಿಗೆ ಬಿಗಿದಿತ್ತು. ಇಂಜಿನ್ನಿನಿಂದ ಗಾಡಿಯ ಮೈಗೆ ಅರ್ಥಕ್ಕೆಂದು ಒಂದೇ ಒಂದು ಹೆಣೆದ ತಾಮ್ರದ ಪಟ್ಟಿ, ಎಣ್ಣೆಜಿಡ್ಡು ಕಟ್ಟಿ ಕಪ್ಪಾಗಿ, ಮೇಲೆ ನೋಡಿದರೆ ಗಟ್ಟಿಮುಟ್ಟು. ಬಿಚ್ಚಿ ಬಗ್ಗಿಸಿದರೆ ಒಳಗಿನ ಎಳೆಗಳೆಲ್ಲ ತುಂಡು. ಸಮ ರಸ್ತೆಯಲ್ಲಿ ತುಂಡುಗಳು ಒಂದಕ್ಕೊಂದು ಆತುಕೊಂಡು ಕೆಲಸ ನಡೆಸುತ್ತಿದ್ದವು. ಭಾರ ಹೊತ್ತು ಏರು ಹತ್ತುವಾಗ ಇಂಜಿನ್ ವಾಲಿ ಅವು ಬೇರೆಯಾಗುತ್ತಿದ್ದವು. ದಾರಿ ತಪ್ಪಿದ ಕರೆಂಟು ಸಿಕ್ಕ ಸಂದಿಯಲ್ಲಿ, ಅಂದರೆ ಮೈಗೂ ಇಂಜಿನ್ನಿಗೂ ನಡುವೆ ಉಳಿದ ಆ ತೆಳ್ಳಗಿನ ಆಕ್ಸಿಲರೇಟರ್ ಕೇಬಲ್ಲಿನಲ್ಲಿ, ನುಗ್ಗಿ ಬರುತ್ತಿತ್ತು. ಕಾದ ಕೇಬಲ್ಲಿನ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಪೆಡಲನ್ನು ಹಿಡಿಯುತ್ತಿತ್ತು. ದೀಪ ಹಾಕಿದರೆ ಪೆಡಲು ಬಿಗಿ. ದೊಡ್ಡಪ್ಪ ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ.

ಅವಳು ತುಕ್ಕು ಕೆರೆದು, ತಗಡು ಹೊಳೆಯುವಂತೆ ಉಜ್ಜಿ, ಹೊಸ ದಪ್ಪ ಪಟ್ಟಿ ಬಿಗಿದಳು. ಸುಟ್ಟ ಕೇಬಲ್ ಕಿತ್ತು ಹೊಸದು ಹಾಕಿದಳು. ಮತ್ತೆ ಅದೇ ಪರೀಕ್ಷೆ: ಇಂಜಿನ್ ವಾಲಿತು, ಗಾಡಿ ಗುರುಗುಟ್ಟಿತು, ಮುಳ್ಳು ಮಲಗಿದಲ್ಲಿಂದ ಅಲುಗಲಿಲ್ಲ. ಗೋಡೆಯ ಬಿರುಕು ಸ್ಪಷ್ಟವಾಗಿ ಕಾಣುತ್ತಿತ್ತು.

ದೊಡ್ಡಪ್ಪ ಇಂಜಿನ್ ಆರಿಸಿ, ಕೀ ತೆಗೆದು, ಒಪ್ಪಿದ ಮಾತಿನಂತೆ ಮಗನ ಕಡೆ ಚಾಚಿದರು. ಅಣ್ಣ ತೆಗೆದುಕೊಳ್ಳಲಿಲ್ಲ. ಕೆಂಪಾದ ಬೆರಳನ್ನು ನೋಡಿಕೊಳ್ಳುತ್ತ ನಿಂತಿದ್ದ.

“ನಿನ್ನ ಹತ್ರಾನೇ ಇರ್ಲಿ ಅಪ್ಪ,” ಅಂದ. “ಆ ಡ್ರೈವರ್‌ಗೆ ಬೇಡ ಅಂತ ಹೇಳ್ತೀನಿ.”

ದೊಡ್ಡಪ್ಪ ಕೀಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕಿಡಿಯ ಕಡೆ ತಿರುಗಿದರು. ಅವರ ಕಣ್ಣು ತುಂಬಿತ್ತು.

“ಹಾಗಾದ್ರೆ ನನ್ನ ಮಾತಲ್ಲಿ ಅರ್ಥ ಇತ್ತು ಅನ್ನು.”

“ನಿಮ್ಮ ಮಾತಲ್ಲಿ ಇತ್ತು ದೊಡ್ಡಪ್ಪ,” ಅಂದಳು ಕಿಡಿ. “ಗಾಡಿಯಲ್ಲಿ ಇರ್ಲಿಲ್ಲ. ನಕ್ಕಿದ್ದು ನನ್ನ ತಪ್ಪು.”

ಅವರು ಜೋರಾಗಿ ನಕ್ಕರು, ತೋಳಿನಿಂದ ಮುಖ ಒರೆಸಿಕೊಂಡರು. ಅಣ್ಣ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತು, ಮಂಡಿಯ ಮೇಲೆ ಕೈಯಿಟ್ಟುಕೊಂಡ. ಕಿಡಿ ಬಾಗಿಲು ಸರಿಸಿದಳು. ಹೊರಗೆ ಕಣ್ಣು ಕುಕ್ಕುವ ಬಿಸಿಲಿತ್ತು. ಎರಡೂ ದೀಪ ಹಾಕಿಕೊಂಡೇ ಗಾಡಿ ಬೀದಿಗೆ ಇಳಿಯಿತು, ಆರಿಸಿ ಅಂತ ಯಾರೂ ಹೇಳಲಿಲ್ಲ.