ಕಹಿ ಒರೆಸಿದವಳು

ಶರ್ಟಿಗೆ ಕಾಲರ್ ಕೂರಿಸುವುದು ಅವಳ ಕೆಲಸ, ಮನೆಯ ಹತ್ತಿರದ ಕಾರ್ಖಾನೆಯಲ್ಲಿ. ಅವಳಿ ಮಕ್ಕಳು ಹುಟ್ಟಿದಾಗ ಹುಡುಗನಿಗೆ ಗುಂಡ, ಹುಡುಗಿಗೆ ಕಡ್ಡಿ ಎಂದು ಅವಳ ಅತ್ತೆಯೇ ಅಡ್ಡಹೆಸರಿಟ್ಟರು. ಗುಂಡ ಮೊದಲ ದಿನವೇ ಗಟಗಟ ಕುಡಿದ. ಕಡ್ಡಿಗೆ ಮೊಲೆ ಹಿಡಿಯುವ ಶಕ್ತಿಯೂ ಇರಲಿಲ್ಲ. ಹಾಲು ಹಿಂಡಿ ಚಮಚದಲ್ಲಿ ಹನಿಹನಿಯಾಗಿ ಹಾಕಬೇಕಿತ್ತು. ಇಬ್ಬರನ್ನೂ ಎರಡು ಕಂಕುಳಲ್ಲಿ ಗಂಟಿನ ಹಾಗೆ ಅವುಚಿಕೊಂಡು ಒಟ್ಟಿಗೆ ಕುಡಿಸುವುದನ್ನು ಆಸ್ಪತ್ರೆಯ ನರ್ಸು ಹೇಳಿಕೊಟ್ಟಳು. ಹನ್ನೆರಡನೇ ದಿನ ಕಡ್ಡಿ ತಾನಾಗಿ ಚೀಪತೊಡಗಿದಾಗ ಅವಳು ಅತ್ತೇಬಿಟ್ಟಳು. ದಿಂಬು ಹಿಡಿದು ನಿಂತಿದ್ದ ಅತ್ತೆಯೂ ಮೂಗು ಒರೆಸಿಕೊಂಡರು.

ಆರು ತಿಂಗಳಿಗೆ ಮತ್ತೆ ಕೆಲಸ. ಊಟದ ಬಿಡುವಿನಲ್ಲಿ ಮನೆಗೆ ಓಡಿ ಬಂದು, ಕುಡಿಸಿ, ವಾಪಸ್ಸು ಓಡಬೇಕು. ಮಕ್ಕಳಿಗೆ ಒಂದೂವರೆ ವರ್ಷವಾಗುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಯಿತು.

"ಇನ್ನೂ ಬಿಡಿಸಿಲ್ವಾ? ಮೀಸೆ ಬರೋವರೆಗೂ ಕುಡಿಸ್ತೀಯೇನೇ?" ಎಂದು ಪಕ್ಕದ ಮೆಷಿನ್ನಿನವಳು ಕಿಚಾಯಿಸಿದಳು.

ಮನೆಗೆ ಬಂದವಳೇ, "ಸಾಕು ಅತ್ತೆ, ಇನ್ನು ನನ್ನ ಕೈಲಾಗಲ್ಲ" ಎಂದಳು.

"ಹಾಗಾದ್ರೆ ಕಹಿ ಹಚ್ಕೋ. ನಿನ್ನ ಗಂಡನಿಗೂ ಅದನ್ನೇ ಮಾಡಿದ್ದು. ಒಂದೇ ದಿನಕ್ಕೆ ಬಿಟ್ಟ." ಅತ್ತೆ ಹಾಗಲಕಾಯಿ ಅರೆದು ರಸ ಹಿಂಡಿಕೊಟ್ಟರು.

ಭಾನುವಾರ ಬೆಳಿಗ್ಗೆ ಹಚ್ಚಿಕೊಂಡು ಕುಳಿತಳು. ಗುಂಡ ಬಾಯಿ ಹಾಕಿದವನೇ ಮುಖ ಕಿವುಚಿ, "ಥೂ!" ಎಂದು ಓಡಿಹೋಗಿ ಅಪ್ಪನ ಕಾಲು ತಬ್ಬಿಕೊಂಡ. ಕಡ್ಡಿಯೂ ಒಮ್ಮೆ ಚೀಪಿ ಹಿಂದೆ ಸರಿದಳು. ಅಮ್ಮನ ಮುಖ ನೋಡಿದಳು. ಆಮೇಲೆ ಫ್ರಾಕಿನ ಅಂಚೆತ್ತಿ, ಮೇಜು ಒರೆಸುವವರ ಹಾಗೆ ಚೆನ್ನಾಗಿ ಒರೆಸಿದಳು. ಇನ್ನೊಂದನ್ನೂ ಒರೆಸಿ, "ಗುಂಡಾ, ಬಾ! ಹೋತು!" ಎಂದು ಕೂಗಿದಳು.

ಎಲ್ಲರೂ ಬಿದ್ದು ಬಿದ್ದು ನಕ್ಕರು. "ಚಮಚದಲ್ಲಿ ಕುಡೀತಿದ್ದ ಕೂಸು ಕಣೇ ಇದು! ಬಿಡು, ಇವಳ ಮುಂದೆ ನಮ್ಮಾಟ ನಡೆಯಲ್ಲ" ಎನ್ನುತ್ತಾ ಅತ್ತೆ ಉಳಿದ ರಸವನ್ನು ಬಚ್ಚಲಿಗೆ ಚೆಲ್ಲಿದರು. ಮಧ್ಯಾಹ್ನದ ಓಟ ಮಾತ್ರ ನಿಂತಿತು. ಇನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಂದಾಯಿತು.

ಎರಡು ತಿಂಗಳಲ್ಲಿ ಗುಂಡ ಆಟದ ಗುಂಗಿನಲ್ಲಿ ತಾನಾಗಿಯೇ ಮರೆತ. ಕಡ್ಡಿ ಎರಡೂವರೆ ವರ್ಷದವರೆಗೂ ಕುಡಿದಳು. ಒಂದು ಸಂಜೆ ಅಮ್ಮ ಕೆಲಸದಿಂದ ಬಂದು ಗೋಡೆಗೊರಗಿ ಕುಳಿತರೆ, ಕಡ್ಡಿ ಬಾಗಿಲಿನಿಂದಲೇ "ಆಮೇಲೆ, ಅಮ್ಮಾ!" ಎಂದು ಗುಂಡನ ಹಿಂದೆ ಓಡಿದಳು. ಮರುದಿನವೂ ಬರಲಿಲ್ಲ. ಮೂರನೇ ದಿನ ಅಮ್ಮನಿಗೆ ಅರ್ಥವಾಯಿತು.

ಅತ್ತೆ ಟೀ ಲೋಟವನ್ನು ಅವಳ ಕೈಗಿಟ್ಟು ಪಕ್ಕದಲ್ಲೇ ಕುಳಿತರು.

"ನೀನು ಬಿಸಿ ಟೀ ಕುಡಿದು ಎಷ್ಟು ದಿನ ಆಯ್ತೇ? ಕುಡಿ ಮಗಳೇ, ಆರಿಹೋಗತ್ತೆ."