ಇಸ್ತ್ರಿ ಮೇಜಿನ ಮೇಲೊಂದು ವಾಯುವಿಹಾರ

ನಮ್ಮ ಇಸ್ತ್ರಿಯವನು ಒಂದೇ ಬೇಸಗೆಯಲ್ಲಿ ಭೂಮಿಗೆ ಕಾಲ್ನಡಿಗೆಯಲ್ಲಿ ಎರಡು ಸುತ್ತು ಹಾಕಿದ. ಸಮುದ್ರ ಅಡ್ಡ ಬಂದಲ್ಲಿ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿಕೊಂಡು ದಾಟಿದ, ಇಸ್ತ್ರಿಯ ಗೆರೆ ಒಂಚೂರೂ ಕೆಡದ ಹಾಗೆ. ಎರಡನೆಯ ಸುತ್ತು ಮುಗಿದ ದಿನವೂ ಅವನ ಚಪ್ಪಲಿ ಅಂಗಡಿಯಿಂದ ತಂದಾಗಿನಷ್ಟೇ ಹೊಸದಾಗಿತ್ತು. ಸುಳ್ಳು ಅನ್ನುವವರು ಅವನ ಬಲಗೈಯ ವಾಚನ್ನು ಕೇಳಿಕೊಳ್ಳಲಿ. ವಾಚು ಹೇಳುತ್ತಿದ್ದದ್ದು ಹೆಚ್ಚುಕಮ್ಮಿ ಇದನ್ನೇ.

ಬಡಾಯಿ ಅವನಿಗೆ ಹುಟ್ಟಿನಿಂದ ಬಂದದ್ದು. ತಾನು ಇಸ್ತ್ರಿ ಮಾಡಿದ ಕಾಲರಿನ ಅಂಚಿನಲ್ಲಿ ಗಡ್ಡ ಬೋಳಿಸಿಕೊಳ್ಳಬಹುದು ಎನ್ನುತ್ತಿದ್ದ. ಗಿರಾಕಿಯೊಬ್ಬ ಇವನು ಗೆರೆ ಕೂರಿಸಿದ ಪ್ಯಾಂಟು ತೊಟ್ಟು, ಗೆರೆ ಮುರಿಯಲು ಮನಸ್ಸು ಬಾರದೆ, ಇಡೀ ಸಿನಿಮಾವನ್ನು ನಿಂತೇ ನೋಡಿದನಂತೆ. ಎದುರಂಗಡಿಯ ದರ್ಜಿ ಇದನ್ನೆಲ್ಲ ಕೇಳಿ, "ಅವನು ಹೇಳಿದ್ರಲ್ಲಿ ಅರ್ಧ ಕಳೀರಿ, ಉಳಿದಿದ್ರಲ್ಲಿ ಮತ್ತರ್ಧ ಕಳೀರಿ" ಎಂದು ಗಿರಾಕಿಗಳಿಗೆ ಪುಕ್ಕಟೆ ಸಲಹೆ ಕೊಡುತ್ತಿದ್ದ. ಹೆಂಡತಿಗೆ ಆ ಲೆಕ್ಕವೂ ಬೇಕಿರಲಿಲ್ಲ. ಅವಳು ಗಂಡನ ಮಾತನ್ನು ರೇಡಿಯೋ ಕೇಳಿದ ಹಾಗೆ ಕೇಳುತ್ತಿದ್ದಳು. ಮನೆಯಲ್ಲಿ ಸದ್ದೊಂದು ಇದ್ದರೆ ಚೆಂದ, ನಂಬಲೇಬೇಕೆಂದೇನೂ ಇಲ್ಲ.

ಅವಳು ಅಂಚೆಯವಳು. ಊರಿನ ಅರ್ಧ ಭಾಗದ ರಸ್ತೆಗಳು ಸವೆದದ್ದೇ ಅವಳ ಓಡಾಟಕ್ಕೆ. ಯಾವ ಮನೆಯ ಗೇಟು ಕಿರುಗುಟ್ಟುತ್ತದೆ, ಯಾವ ನಾಯಿಗೆ ಬಿಸ್ಕತ್ತು ಸಾಕು, ಯಾವುದಕ್ಕೆ ಬೈಗುಳವೇ ಆಗಬೇಕು, ಎಲ್ಲ ಬಾಯಿಪಾಠ. ಅಂಥವಳು ನಿವೃತ್ತಿಯಾದ ವರ್ಷವೇ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿದ್ದೂ ಆಯಿತು. ಇನ್ನು ದಿನಾ ಚೂರು ಚೂರು ನಡೆಯಿರಿ, ಇಲ್ಲದಿದ್ದರೆ ಕೀಲು ಬಿಗಿದುಕೊಂಡು ಕುರ್ಚಿಯೇ ಗತಿಯಾಗುತ್ತದೆ ಎಂದು ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಮನೆಗೇ ಬಂದು ಹೇಳಿ ಹೋದಳು. ಅಂಚೆಯವಳು ತಲೆಯಾಡಿಸಿ, ಡಾಕ್ಟರಮ್ಮನ ಬೆನ್ನು ಕಂಡ ಕೂಡಲೇ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಕೂತವಳು ಏಳಲಿಲ್ಲ. ಕೋಲು ಹಿಡಿದು ಬೀದಿಗಿಳಿದರೆ ಜನ ಏನಂದುಕೊಳ್ಳುತ್ತಾರೆ ಎನ್ನುತ್ತಿದ್ದಳು. ನಿಜ ಸಂಗತಿ ಬೇರೆ. ಇನ್ನೊಮ್ಮೆ ಬೀಳುವ ಭಯ ಅವಳ ಎದೆಯಲ್ಲಿ ಗೂಡು ಕಟ್ಟಿತ್ತು. ಇಸ್ತ್ರಿಯವನಿಗೆ ಅದು ಗೊತ್ತಿತ್ತು. ಹಾಡಿದ, ಕುಣಿದ, ಗದರಿದ, ಕಾಲು ಹಿಡಿದ. ಅವನು ಸುರಿಸಿದ ಮಾತಿಗೆ ಬಂಡೆಯಾಗಿದ್ದರೆ ಎದ್ದು ಓಡುತ್ತಿತ್ತು, ಹೆಂಡತಿ ಮಾತ್ರ ಏಳಲಿಲ್ಲ.

ಆಗ ಬಂದವಳು ಅವನ ತಂಗಿಯ ಮಗಳು. ಅವಳ ಕೆಲಸ ಕಂಪ್ಯೂಟರಿನೊಳಗೆ ನುಗ್ಗುವ ಕಳ್ಳರನ್ನು ಹಿಡಿಯುವುದು. ಹಾಗಾಗಿ ಮಾವನ ಮನೆಗೆ ಬಂದರೂ ಮೊದಲು ಎಲ್ಲರ ಫೋನನ್ನು ಕೈಗೆ ತೆಗೆದುಕೊಂಡು, ತಲೆಯಲ್ಲಿ ಹೇನು ನೋಡಿದ ಹಾಗೆ ನೋಡುತ್ತಿದ್ದಳು. ಈ ಸಲ ಹೆಜ್ಜೆ ಎಣಿಸುವ ಎರಡು ವಾಚು ತಂದು ಮಾವನಿಗೊಂದು, ಅತ್ತೆಗೊಂದು ಕಟ್ಟಿದಳು. ಒಬ್ಬರ ಹೆಜ್ಜೆ ಇನ್ನೊಬ್ಬರ ಫೋನಿನಲ್ಲಿ ಕಾಣುವ ಹಾಗೆ ಮಾಡಿದಳು. ಆಮೇಲೆ ಅವಳ ಎಂದಿನ ಪಾಠ ಶುರುವಾಯಿತು. ಒಂದೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇಡಬೇಕು. ಫೋನಿಗೆ ಬರುವ ಗುಟ್ಟಿನ ನಂಬರನ್ನು ಯಾರು ಗೋಳಾಡಿ ಕೇಳಿದರೂ ಕೊಡಬಾರದು. ಅತ್ತೆ ಮನಸ್ಸಿಟ್ಟು ಕೇಳಿದಳು. ಮಾವ ಮಾತ್ರ, ತಾನು ಇಟ್ಟ ಪಾಸ್‌ವರ್ಡನ್ನು ಜಗತ್ತಿನ ಕಳ್ಳರೆಲ್ಲ ಸೇರಿದರೂ ಒಡೆಯಲಾರರು ಎಂದು ಎದೆಯುಬ್ಬಿಸಿದ. ಅದೂ ಸುಳ್ಳಲ್ಲ. ಸಂಜೆಯ ಹೊತ್ತಿಗೆ ಅವನಿಗೇ ಅದನ್ನು ಒಡೆಯಲಾಗದೆ, ಆ ಹುಡುಗಿ ತಲೆ ಚಚ್ಚಿಕೊಳ್ಳುತ್ತ ಹೊಸದೊಂದು ಇಟ್ಟುಕೊಟ್ಟಳು.

ಮರುದಿನ ಬೆಳಗ್ಗೆ ಅವನು ನಿಜವಾಗಿಯೂ ನಡೆಯಲೆಂದೇ ಹೊರಟ. ತಾನು ನಡೆದರೆ ಅವಳಿಗೂ ಹುರುಪು ಬಂದೀತೆಂಬ ಆಸೆ. ಆದರೆ ಅಂಗಡಿಯ ಬಾಗಿಲಲ್ಲಿ ಹೋಟೆಲಿನ ಮೇಜುಬಟ್ಟೆಗಳ ಮೂಟೆ ಬಂದು ಕೂತಿತ್ತು. ಮಧ್ಯಾಹ್ನಕ್ಕೇ ಬೇಕಂತೆ. ನಡಿಗೆ ನಾಳೆ ಎಂದುಕೊಂಡು ನೀರು ಚಿಮುಕಿಸಿ, ಇಸ್ತ್ರಿ ಪೆಟ್ಟಿಗೆ ಕಾಯಿಸಿ, ಉಜ್ಜಲು ನಿಂತ. ಅರ್ಧ ಮೂಟೆ ಮುಗಿಯುವಷ್ಟರಲ್ಲಿ ಹೆಂಡತಿಯ ಫೋನು ಬಂತು.

"ರೀ, ಎಷ್ಟು ದೂರ ಹೋಗಿಬಿಟ್ರಿ? ಈ ವಯಸ್ಸಲ್ಲಿ ಏನು ಹುಚ್ಚು ನಿಮಗೆ?"

ಅವನು ವಾಚು ನೋಡಿಕೊಂಡ. ಮೇಜುಬಟ್ಟೆಯ ಈ ತುದಿಯಿಂದ ಆ ತುದಿಗೆ ಕೈ ಹೋಗಿ ಬಂದದ್ದನ್ನೆಲ್ಲ ಆ ಪೆದ್ದು ಯಂತ್ರ ಹೆಜ್ಜೆಯೆಂದೇ ಎಣಿಸಿತ್ತು. ನಡೆಯುವಾಗ ಕೈ ಬೀಸುವುದಕ್ಕೂ ಇಸ್ತ್ರಿಯಲ್ಲಿ ಕೈ ಬೀಸುವುದಕ್ಕೂ ಅದಕ್ಕೆ ವ್ಯತ್ಯಾಸವೇ ತಿಳಿದಿರಲಿಲ್ಲ. ಹಾಗೆಂದು ಹೇಳಿ ಇಬ್ಬರೂ ನಗಬಹುದೆಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳೇ, "ನಾನೂ ಅಡುಗೆಮನೆ ತನಕ ಎದ್ದು ಹೋಗಿ ಬಂದೆ. ನಿಮಗಿಂತ ನಾನೇನು ಕಮ್ಮಿನಾ?" ಎಂದಳು.

ತೆರೆದ ಬಾಯಿ ಹಾಗೆಯೇ ಇತ್ತು. ಅದರಿಂದ ಹೊರಬಿದ್ದದ್ದು, "ಬೆಟ್ಟ ಹತ್ತಿ ಬಂದೆ ಕಣೆ" ಎಂಬ ಮಾತು.

ಇಷ್ಟು ವರ್ಷ ಅವನ ಒಂದು ಮಾತನ್ನೂ ನಂಬದವಳು ಇದನ್ನು ನಂಬಿದಳು. ಗಂಡ ಹೇಳಿದ್ದಕ್ಕಲ್ಲ, ವಾಚು ಹೇಳಿದ್ದಕ್ಕೆ. ಯಂತ್ರಕ್ಕೇನು ಬಡಾಯಿ ಕೊಚ್ಚುವ ದರ್ದು ಎಂದು ಅವಳ ವಾದ. ಅಂದಿನಿಂದ ಅವನ ಅಂಕಿ ಏರಿದಂತೆ ಅವಳೂ ಏರಿದಳು. ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಗೇಟಿಗೆ. ಕೋಲಿನ ಟಕ್ ಟಕ್ ಸದ್ದು ಕೇಳಿದರೆ ಅವನಿಗೆ ಕಿವಿಯಲ್ಲಿ ಸಕ್ಕರೆ ಸುರಿದ ಹಾಗಾಗುತ್ತಿತ್ತು. ಅಂಗಡಿಗೆ ಬಂದ ಬಟ್ಟೆ ಸಾಲದೆ, ಗಿರಾಕಿಗಳ ಕರವಸ್ತ್ರಗಳಿಗೂ ಗೋಣಿಚೀಲಕ್ಕೂ ಇಸ್ತ್ರಿ ಹಾಕಿದ. ದರ್ಜಿಯ ಅಂಗಡಿಯ ಪರದೆಯನ್ನು ಬಿಚ್ಚಿಸಿಕೊಂಡು ಬಂದು ಉಜ್ಜಿಕೊಟ್ಟ. ಪರದೆ ಎಷ್ಟು ಗರಿಗರಿಯಾಯಿತೆಂದರೆ ದರ್ಜಿಯ ಗಿರಾಕಿಗಳು ಅದನ್ನು ಬಾಗಿಲೆಂದು ತಿಳಿದು ತಟ್ಟತೊಡಗಿದರು. ಸಂಜೆ ಮನೆಗೆ ಹೋಗಿ, ಇವತ್ತು ಸೇತುವೆ ದಾಟಿದೆ, ಕೆರೆ ಏರಿಯ ಮೇಲೆ ಓಡಿದೆ ಎಂದು ಉಪ್ಪುಖಾರ ಹಚ್ಚಿ ಹೇಳುತ್ತಿದ್ದ. ಅವಳು ಕಣ್ಣರಳಿಸಿ ಕೇಳುತ್ತಿದ್ದಳು. ಹಾಗೆ ಅವಳು ಕೇಳುವಾಗ ಅವನು ಕತೆಯನ್ನು ಅರ್ಧಕ್ಕೇ ಮುಗಿಸಿ ಕೈ ತೊಳೆಯಲು ಏಳುತ್ತಿದ್ದ. ಸುಳ್ಳು ಹೇಳಿ ಅವನಿಗೆ ಅಭ್ಯಾಸವಿತ್ತು, ನಂಬಿಸಿಕೊಂಡು ಅಭ್ಯಾಸವಿರಲಿಲ್ಲ.

ಒಂದು ದಿನ ಡಾಕ್ಟರಮ್ಮ ಅಂಗಡಿಗೇ ಫೋನು ಮಾಡಿದಳು. ನಿಮ್ಮ ಮನೆಯವರ ಕಾಲು ಬಾತುಕೊಂಡಿದೆ, ಯಾರ ಜೊತೆ ಓಟದ ಪಂದ್ಯ ಕಟ್ಟಿದ್ದಾರೆ, ಈಗ ನಡೆಯುವುದರಲ್ಲಿ ಅರ್ಧ ಸಾಕು, ಹೀಗೇ ಹೋದರೆ ಕೂರಿಸಿದ ಕೀಲೇ ಕೆಟ್ಟೀತು ಎಂದಳು. ಇಸ್ತ್ರಿಯವನು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಕಡಿಮೆ ನಡಿ ಎಂದು ಹೇಳಿ ನೋಡಿದ. ನೀವು ಕಡಿಮೆ ಮಾಡಿ, ನಾನೂ ಮಾಡ್ತೀನಿ ಎಂದಳು ಅವಳು, ತಟ್ಟೆಯಿಂದ ತಲೆಯೆತ್ತದೆ. ಕಡಿಮೆ ಮಾಡುವುದು ಹೇಗೆ? ಬಟ್ಟೆಯ ರಾಶಿ ಕಾದು ಕೂತಿದೆ. ನಿಜ ಹೇಳಿಬಿಟ್ಟರೆ ಅವಳು ಮತ್ತೆ ಕಿಟಕಿಯ ಪಕ್ಕ ಕೂತುಬಿಟ್ಟಾಳು. ಹೇಳದಿದ್ದರೆ ನಡೆದೂ ನಡೆದೂ ಕಾಲು ಕಳೆದುಕೊಂಡಾಳು.

ಬೆಳಗ್ಗೆ ಅಂಗಡಿಗೆ ಬಂದವನೇ ವಾಚು ಬಿಚ್ಚಿ ಏಪ್ರನ್ನಿನ ಜೇಬಿಗೆ ಹಾಕಿ, ಆ ಏಪ್ರನ್ನನ್ನು ಮೊಳೆಗೆ ತೂಗುಹಾಕಿದ. ಇಂಥ ಬುದ್ಧಿ ಭೂಲೋಕದಲ್ಲಿ ಇನ್ನಾರಿಗಿದೆ ಎಂದು ಮೀಸೆ ತಿರುವಿಕೊಂಡ. ಇವತ್ತು ತನ್ನದು ಸೊನ್ನೆ, ಹಾಗಾಗಿ ಅವಳದೂ ವಿಶ್ರಾಂತಿ. ಆಸ್ಪತ್ರೆಯ ಹೊದಿಕೆಗಳ ಗುಡ್ಡ ಬಂದಿತ್ತು. ಅದರಡಿಯಲ್ಲಿ ಅವನ ಫೋನು ಹೂತುಹೋಗಿ, ಬಡಿದುಕೊಂಡದ್ದು ಅವನಿಗೆ ಕೇಳಿಸಲೇ ಇಲ್ಲ.

ಬಿಸಿಲೇರಿದ ಹೊತ್ತಿಗೆ ಬೀದಿಯಲ್ಲಿ ಕೋಲಿನ ಸದ್ದು ಕೇಳಿತು. ಅವನು ತಲೆಯೆತ್ತಿದ. ಬಾಗಿಲಲ್ಲಿ ಹೆಂಡತಿ. ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಬಂದಿದ್ದಾಳೆ, ಕೂದಲು ಬಾಚಿಲ್ಲ, ಮುಖದ ತುಂಬ ಬೆವರು. ಮನೆಯಿಂದ ಅಂಗಡಿಗೆ ಎರಡು ಬೀದಿ, ಒಂದು ಇಳಿಜಾರು, ವಾಹನಗಳು ನುಗ್ಗುವ ಒಂದು ದೊಡ್ಡ ರಸ್ತೆ. ಬಿದ್ದ ಮೇಲೆ ಅವಳು ಗೇಟಿನಾಚೆ ಕಾಲಿಟ್ಟದ್ದು ಇದೇ ಮೊದಲು. ಅವಳು ಮೊದಲು ಅವನ ಕಾಲು ನೋಡಿದಳು, ಆಮೇಲೆ ತಲೆ ನೋಡಿದಳು. ಎರಡೂ ಇದ್ದ ಜಾಗದಲ್ಲೇ ಇರುವುದು ಖಾತ್ರಿಯಾದ ಮೇಲೆ ಹೊದಿಕೆಗಳ ಮೂಟೆಯ ಮೇಲೆ ಕುಸಿದು ಕೂತಳು.

ನೀರು ಕುಡಿದು ಉಸಿರು ಹಿಂದೆ ಬಂದ ಮೇಲೆ ಹೇಳಿದಳು. ಯಾರೋ ಒಬ್ಬ ಫೋನು ಮಾಡಿದ್ದನಂತೆ. ನಿಮ್ಮ ಯಜಮಾನರು ನಡೆದು ಹೋಗುವಾಗ ರಸ್ತೆಯಲ್ಲಿ ಬಿದ್ದಿದ್ದಾರೆ, ಆಸ್ಪತ್ರೆಗೆ ಸೇರಿಸಬೇಕು, ನಿಮ್ಮ ಫೋನಿಗೆ ಬಂದ ನಂಬರು ಬೇಗ ಹೇಳಿ ಅಂದನಂತೆ. ಅವಳು ಹೇಳಲಿಲ್ಲ. ನಂಬರು ಆಮೇಲೆ, ಮೊದಲು ಅವರ ಕೈಗೆ ಫೋನು ಕೊಡು, ಒಂದು ಬಡಾಯಿ ಕೊಚ್ಚಲಿ, ಅವರೇ ಹೌದೋ ಅಲ್ಲವೋ ನಾನು ಹೇಳ್ತೀನಿ ಅಂದಳಂತೆ. ಫೋನು ಕಟ್ಟಾಯಿತು. ಕಳ್ಳನೆಂದು ಅವಳಿಗೆ ಆಗಲೇ ಗೊತ್ತಾಗಿತ್ತು.

"ಗೊತ್ತಾಗಿದ್ದ ಮೇಲೆ ಯಾಕೆ ಬಂದೆ?" ಎಂದ ಅವನು, ಮೆಲ್ಲಗೆ.

"ನಿಮ್ಮದು ಸೊನ್ನೆ ತೋರಿಸ್ತಿತ್ತು."

ಅವನು ಬೆವರು ಒರೆಸಿಕೊಳ್ಳಲು ಏಪ್ರನ್ನು ಎಳೆದ, ಜೇಬಿನಿಂದ ವಾಚು ಜಾರಿ ನೆಲಕ್ಕೆ ಬಿತ್ತು. ಗಡಿಬಿಡಿಯಲ್ಲಿ ಎತ್ತಿ ಕೈಗೆ ಕಟ್ಟಿಕೊಂಡು, ಬ್ಯಾಟರಿ, ಬೆಟ್ಟದ ಮಂಜು, ಏನೇನೋ ಶುರು ಹಚ್ಚಿಕೊಂಡ. ಮಾತಿಗೊಂದು ಆಸರೆ ಬೇಕಿತ್ತು, ಕೈ ತಾನಾಗಿ ಇಸ್ತ್ರಿ ಪೆಟ್ಟಿಗೆ ಹಿಡಿದು ಉಜ್ಜತೊಡಗಿತು. ಹೆಂಡತಿಯ ಅಂಗೈಯಲ್ಲಿ ಫೋನು ತೆರೆದೇ ಇತ್ತು. ಅವಳು ಅದನ್ನು ನೋಡಿದಳು, ಅವನ ಕೈ ನೋಡಿದಳು, ಮತ್ತೆ ಫೋನು ನೋಡಿದಳು.

"ನಿಂತಲ್ಲೇ ನಡೀತಿದ್ದೀರಲ್ಲ."

ಇಸ್ತ್ರಿ ಪೆಟ್ಟಿಗೆ ನಿಂತಿತು.

"ಬೆಟ್ಟ ಹತ್ತಿದ ದಿನ?" ಎಂದು ಕೇಳಿದಳು ಅವಳು.

"ಹೋಟೆಲಿನ ಮೇಜುಬಟ್ಟೆ."

"ಸೇತುವೆ?"

"ದರ್ಜಿ ಅಂಗಡಿ ಪರದೆ."

"ಕೆರೆ ಏರಿ ಮೇಲೆ ಓಡಿದ್ದು?"

"ಅದು ಬರೇ ಕರ್ಚೀಫು ಕಣೆ. ತುಂಬ ಇದ್ವು."

ಅವಳು ನಗಲಿಲ್ಲ. ಕೋಲಿನ ತುದಿಯಿಂದ ನೆಲದ ಮೇಲೆ ಏನನ್ನೋ ಗೀರುತ್ತ ಕೂತಳು. ಮದುವೆಯಾದಂದಿನಿಂದ ನಾನು ನಂಬಿದ್ದು ಇದೊಂದೇ, ಅಂದಳು, ತನಗೆ ತಾನೇ ಹೇಳಿಕೊಂಡ ಹಾಗೆ. ಇಸ್ತ್ರಿಯವನಿಗೆ ಕಾದ ಪೆಟ್ಟಿಗೆಯನ್ನೇ ಎದೆಗೆ ಒತ್ತಿದ ಹಾಗಾಯಿತು. ಮೊದಲ ದಿನವೇ ಹೇಳಬೇಕೆಂದು ಬಾಯಿ ತೆರೆದದ್ದನ್ನೂ, ಅವಳು ಎದ್ದೆ ಎಂದದ್ದನ್ನೂ, ಎದ್ದವಳನ್ನು ಮತ್ತೆ ಕೂರಿಸಲು ತನಗೆ ಧೈರ್ಯ ಬಾರದ್ದನ್ನೂ, ಕಾಲು ಬಾತದ್ದು ಕೇಳಿ ವಾಚು ಬಿಚ್ಚಿದ್ದನ್ನೂ ಒಂದೊಂದಾಗಿ ಹೇಳಿದ. ಒಂದಕ್ಕೂ ಉಪ್ಪುಖಾರ ಹಚ್ಚಲಿಲ್ಲ. ಹೇಳುವುದು ಇಷ್ಟು ಬೇಗ ಮುಗಿಯಿತಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು.

ಅವಳು ತನ್ನ ಚಪ್ಪಲಿಯನ್ನೂ ಬಾಗಿಲಾಚೆಯ ಬೀದಿಯನ್ನೂ ನೋಡಿದಳು. ದೊಡ್ಡ ರಸ್ತೆಯನ್ನು ಹೇಗೆ ದಾಟಿದೆನೋ ಜ್ಞಾಪಕವೇ ಇಲ್ಲ ಎಂದಳು. ಬಿದ್ದೇನು ಎಂಬ ಯೋಚನೆ ಕೂಡ ಬರಲಿಲ್ಲವಂತೆ. ಇದನ್ನು ಹೇಳುವಾಗ ಅವಳ ದನಿ ಅಂಚೆ ಚೀಲ ಹೊತ್ತ ಕಾಲದ ದನಿಯ ಹಾಗಿತ್ತು.

ಬಟ್ಟೆ ಒಯ್ಯುವ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತೇನೆಂದು ಅವನು ಅಂದ. ನಾನೇನು ಹೊದಿಕೆಯಾ ಎಂದಳು ಅವಳು. ಬೇಕಾದಲ್ಲಿ ಕೂತು ಸುಧಾರಿಸಿಕೊಳ್ಳುತ್ತ ಹೋದರಾಯಿತು, ಆದರೆ ಇವತ್ತು ನೀವೂ ಕಾಲಲ್ಲಿ ನಡೆಯಬೇಕು, ವಾಚು ಇಲ್ಲೇ ಇರಲಿ ಎಂದಳು. ಎರಡು ವಾಚನ್ನೂ ಮೇಜಿನ ಮೇಲಿಟ್ಟು, ಪೆಟ್ಟಿಗೆಯ ಪ್ಲಗ್ಗು ಕಿತ್ತು, ಅವನು ಬಾಗಿಲೆಳೆದ. ಹಾಡುಹಗಲೇ ಇಸ್ತ್ರಿ ಅಂಗಡಿ ಮುಚ್ಚಿದ್ದು ಕಂಡ ದರ್ಜಿ ಸೂಜಿ ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದು ನಿಂತ.

ಇಬ್ಬರೂ ಹೊರಟರು. ಅವಳ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಗಂಡನ ತೋಳಿನ ಮೇಲೆ. ಹೊಸ ಚಪ್ಪಲಿ ಅವನ ಹಿಮ್ಮಡಿಯನ್ನು ಕಚ್ಚತೊಡಗಿತು. ಏರು ಸಿಕ್ಕಿತು. ಅರ್ಧ ಏರುವಷ್ಟರಲ್ಲಿ ಅವನ ಉಸಿರು ತಿದಿಯೊತ್ತಿದ ಹಾಗೆ ಬುಸುಗುಟ್ಟಿತು, ಮೊಣಕಾಲು ಕುಟುಕಿತು. ಅವಳು ನಿಂತು ಅವನ ಮುಖ ನೋಡಿದಳು.

"ಸುಸ್ತಾಯ್ತಾ?"

ಅವನು ಎದೆ ಸೆಟೆಸಿದ. ಇಂಥ ಏರು ನನಗೆ ಲೆಕ್ಕಕ್ಕೇ ಇಲ್ಲ ಎಂದು ಹೇಳಲು ಗಾಳಿ ಎಳೆದುಕೊಂಡ. ಎಳೆದ ಗಾಳಿ ಹಾಗೆಯೇ ಹೊರಗೆ ಹೋಯಿತು. ಪಕ್ಕದ ಮನೆಯ ಮೆಟ್ಟಿಲಿನ ಮೇಲೆ ಕೂತ.

"ಆಗ್ತಿಲ್ಲ ಕಣೆ," ಎಂದ. "ನಾನು ಅಂಗಡಿಯಿಂದ ಮನೆಗೆ ನಡೆದೇ ಎಷ್ಟೋ ವರ್ಷ ಆಯ್ತು. ದಿನಾ ದರ್ಜಿ ಸ್ಕೂಟರಲ್ಲಿ ತಿರುವಿನ ತನಕ ಬಿಡ್ತಾನೆ."

ಅಂಚೆಯವಳು ಕೋಲನ್ನು ಗೋಡೆಗೆ ಒರಗಿಸಿ ಅವನ ಪಕ್ಕದಲ್ಲಿ ಮೆಲ್ಲಗೆ ಕೂತಳು. ಮೊದಲು ಅವಳ ಭುಜ ಕುಲುಕಿತು, ಆಮೇಲೆ ನಗು ಹೊರಗೆ ಬಂತು. ಇದನ್ನ ನಂಬಬಹುದು ಎಂದಳು.